ಗಿರಾಕಿ ಬೈದರು, ಮೊದಲ ಕೆಲಸ ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 19 ವರ್ಷ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಮೂರು ತಿಂಗಳಿಂದ ಇದ್ದೇನೆ. ಇದೇ ಮೊದಲ ಕೆಲಸ. ಬಟ್ಟೆ ವಾಪಸ್ ತಗೊಳ್ಳಲಿಲ್ಲ ಅಂತ ಗಿರಾಕಿಯೊಬ್ಬರು ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದರು. ಸ್ಟಾಕ್ ರೂಮಿಗೆ ಹೋಗಿ ಅತ್ತೆ. ಒಂದು ದಿನ ಕ್ಯಾಶ್ ಕೂಡ ಕಡಿಮೆ ಬಂತು. ಮನೆಗೆ ಬಂದರೆ ಮಾತಾಡಲೂ ಶಕ್ತಿ ಇರುವುದಿಲ್ಲ. ಬಿಟ್ಟುಬಿಡಲೇ?

ಉತ್ತರ: ಮೊದಲು ಆ ಸುಸ್ತಿನ ವಿಷಯ. ‘ಬಿಲ್ ಹಾಕೋದರಲ್ಲಿ ಏನು ಕಷ್ಟ?’ ಅಂತ ಯಾರಾದರೂ ಕೇಳಿಯೇ ಇರುತ್ತಾರೆ. ಒಳಗೆ ಅಳು ಬರುತ್ತಿದ್ದರೂ ಮುಖದಲ್ಲಿ ನಗು ಇಟ್ಟುಕೊಳ್ಳುವುದೂ ದುಡಿಮೆಯೇ. ಅಮೆರಿಕದ ಸಮಾಜವಿಜ್ಞಾನಿ ಆರ್ಲಿ ಹೋಕ್‌ಶಿಲ್ಡ್ ಗಗನಸಖಿಯರ ಕೆಲಸ ನೋಡಿ 1983ರಲ್ಲೇ ಈ ‘ಭಾವನೆಯ ದುಡಿಮೆ’ ಬಗ್ಗೆ ಬರೆದರು. ಸಂಬಳದ ಚೀಟಿಯಲ್ಲಿ ಮಾತ್ರ ಅದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ! ಹಾಗಾಗಿ ಮನೆಗೆ ಬಂದು ಅರ್ಧ ಗಂಟೆ ಸುಮ್ನೆ ಕೂರಬೇಕು ಅನ್ನಿಸಿದರೆ ಕೂತುಕೊಳ್ಳಿ.

ಗಿರಾಕಿ ಕೂಗಾಡುವಾಗ ನಡುವೆ ಬಾಯಿ ಹಾಕಬೇಡಿ. ಪೂರ್ತಿ ಹೇಳಲಿ. ಆಮೇಲೆ ಅವರ ದೂರನ್ನೇ ನಿಮ್ಮ ಮಾತಲ್ಲಿ ಹೇಳಿ: ‘ಸೈಜ್ ಸರಿಹೋಗಿಲ್ಲ, ಬಿಲ್ ಕಳೆದುಹೋಗಿದೆ, ಅಲ್ವಾ?’ ತಮ್ಮ ಮಾತು ಕೇಳಿಸಿತು ಅಂತ ಗೊತ್ತಾದರೆ ಎಷ್ಟೋ ಜನ ತಣ್ಣಗಾಗುತ್ತಾರೆ. ‘ಆಗಲ್ಲ’ ಅನ್ನುವ ಮೊದಲು ಆಗುವುದನ್ನು ಹೇಳಿ: ‘ಬೇರೆ ಸೈಜ್ ಈಗಲೇ ನೋಡ್ತೀನಿ. ಹಣ ವಾಪಸ್ ಬೇಕಂದ್ರೆ ಮ್ಯಾನೇಜರ್ ಒಪ್ಪಬೇಕು.’ ಬೈಗುಳ ನಿಮ್ಮ ಮೇಲೆಯೇ ತಿರುಗಿತಾ? ಅಲ್ಲಿಗೆ ನಿಮ್ಮ ಪಾಲಿನ ಕೆಲಸ ಮುಗಿಯಿತು, ಮ್ಯಾನೇಜರನ್ನು ಕರೆಯಿರಿ. ಕೆಲಸದ ಜಾಗದ ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಪ್ಪಿದ 190ನೇ ಒಡಂಬಡಿಕೆ ಗಿರಾಕಿಗಳಂಥ ಹೊರಗಿನವರ ಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತರಬೇತಿಯಲ್ಲಿರುವವರೂ ಅದರೊಳಗೆ ಬರುತ್ತಾರೆ.

ಕ್ಯಾಶ್ ಕಡಿಮೆ ಬಂದಿದ್ದಕ್ಕೆ ಹಳೇ ಕ್ಯಾಶಿಯರ್‌ಗಳ ಉಪಾಯವೊಂದಿದೆ. ಗಿರಾಕಿ ಕೊಟ್ಟ ನೋಟನ್ನು ತಕ್ಷಣ ಡ್ರಾಯರ್‌ಗೆ ಹಾಕಬೇಡಿ. ಚಿಲ್ಲರೆ ಎಣಿಸಿ ಕೊಡುವ ತನಕ ಅದು ಕಣ್ಣೆದುರೇ ಇರಲಿ. ‘ನಾನು ಕೊಟ್ಟಿದ್ದು ದೊಡ್ಡ ನೋಟು’ ಎಂಬ ಜಗಳ ಹುಟ್ಟುವುದೇ ಇಲ್ಲ. ಶಿಫ್ಟ್ ಶುರುವಿನಲ್ಲಿ ಇನ್ನೊಬ್ಬರ ಎದುರು ಹಣ ಎಣಿಸಿ, ಇಬ್ಬರೂ ಸಹಿ ಹಾಕಿ. ನಿಮ್ಮ ಲಾಗಿನ್‌ನಲ್ಲಿ ಬೇರೆಯವರು ಬಿಲ್ ಹಾಕುವುದು ಬೇಡ. ಎಷ್ಟೇ ಸ್ನೇಹಿತರಿರಲಿ.

ಇನ್ನು ಬಿಡುವ ಮಾತು. ಸಿಡುಕಿನ ಗಿರಾಕಿ ಎಲ್ಲಾ ಅಂಗಡಿಯಲ್ಲೂ ಇರುತ್ತಾರೆ. ಅವರನ್ನು ನೋಡಿ ತೀರ್ಮಾನ ಮಾಡಬೇಡಿ. ನಿಮ್ಮನ್ನು ಬೈಯುವಾಗ ಮ್ಯಾನೇಜರ್ ಎಲ್ಲಿದ್ದರು? ಆಮೇಲೆ ಬಂದು ಏನಾಯಿತು ಅಂತ ಕೇಳಿದರಾ, ಅಥವಾ ‘ನಗ್ತಾ ಇರಿ’ ಅಂದು ಹೋದರಾ? ಒಮ್ಮೆ ನೇರವಾಗಿ ಹೇಳಿ ನೋಡಿ: ‘ಇಂಥ ಗಿರಾಕಿ ಬಂದರೆ ಯಾರನ್ನು ಕರೆಯಲಿ?’ ಸರಿಯಾದ ಉತ್ತರ ಬಂದರೆ ಇನ್ನೂ ಮೂರು ತಿಂಗಳು ಇರಿ. ಮುಖ ತಿರುಗಿಸಿದರೆ ಬೇರೆ ಕಡೆ ಅರ್ಜಿ ಹಾಕಲು ಶುರುಮಾಡಿ. ಹೊಸ ಕೆಲಸ ಕೈಗೆ ಬಂದ ಮೇಲೆ, ಅನುಭವ ಪತ್ರ ಕೇಳಿ ಪಡೆದುಕೊಂಡೇ ಹೊರಡಿ.