ಕದ್ದು ನೀರಿಗಿಡೋದು ಸಾಕು, ಪೆಟ್ಟಿಗೆ ಕಟ್ಟಿ

ಪ್ರಶ್ನೆ: ನಾವು ಮೈಸೂರಿನವರು. ಈಗ ಅಮೆರಿಕದ ಮಿಷಿಗನ್‌ನಲ್ಲಿದ್ದೇವೆ. ಮಗನ ಒಂಬತ್ತನೇ ಹುಟ್ಟುಹಬ್ಬಕ್ಕೆ ನಮ್ಮ ಯಜಮಾನರು ಸುಲ್ಕಾಟಾ ಆಮೆಯ ಮರಿ ತಂದುಕೊಟ್ಟರು. ಅಂಗೈಗಿಂತ ಚಿಕ್ಕದು. ಮೇಲೆ ತೆರೆದ ಮರದ ಪೆಟ್ಟಿಗೆ, ಒಣಹುಲ್ಲು, ಒಂದು ದೀಪ, ಇಷ್ಟೇ ಅದರ ಮನೆ. "ಇದು ಸಹಾರಾದ ಆಮೆ, ತೇವ ಆದ್ರೆ ನ್ಯುಮೋನಿಯಾ ಬಂದು ಸಾಯುತ್ತೆ" ಎನ್ನುತ್ತಾರೆ ಅವರು. ಚಳಿಗಾಲ ಬಂದು ಮನೆಗೆ ಹೀಟಿಂಗ್ ಹಾಕಿದ ಮೇಲೆ ಮರಿ ಮಂಕಾಗಿದೆ. ಚಿಪ್ಪಿನ ಮೇಲೆ ಸಣ್ಣ ಸಣ್ಣ ಗುಡ್ಡೆ ಏಳುತ್ತಿವೆ. ಅವರು ಆಫೀಸಿಗೆ ಹೋದ ಮೇಲೆ ನಾನು ದಿನಾ ಮರಿಯನ್ನು ಬೆಚ್ಚಗಿನ ನೀರಿನಲ್ಲಿ ಕೂರಿಸಿ, ಒರೆಸಿ, ಏನೂ ಗೊತ್ತಾಗದ ಹಾಗೆ ವಾಪಸ್ ಇಡುತ್ತೇನೆ. ಮೊನ್ನೆ ಮಗ ನೋಡಿಬಿಟ್ಟ. "ಅಪ್ಪನಿಗೆ ಹೇಳಬಾರದಾ ಅಮ್ಮ?" ಎಂದು ಕೇಳಿದ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಊರಿಂದ ಬಂದಿರುವ ಅತ್ತೆಯವರು ಬೇರೆ, ಆಮೆ ಮನೆಗೆ ಬಂದರೆ ಆಗಿಬರಲ್ಲ ಎನ್ನುತ್ತಾರೆ. ಇನ್ನು ನಾಲ್ಕೈದು ವರ್ಷದಲ್ಲಿ ನಾವು ಊರಿಗೆ ಮರಳುವ ಯೋಚನೆ ಇದೆ. ನಾನು ಏನು ಮಾಡಲಿ?
— ಒಬ್ಬ ಓದುಗಿ

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸಿಬಿಡುತ್ತೇನೆ. ಮರಿಯನ್ನು ನೀರಿನಲ್ಲಿ ಕೂರಿಸಿ ನೀವು ಅದಕ್ಕೆ ಕೆಡುಕು ಮಾಡಿಲ್ಲ, ಒಳ್ಳೆಯದೇ ಮಾಡಿದ್ದೀರಿ. ಚಿಕ್ಕ ಸುಲ್ಕಾಟಾಗೆ ದಿನಾ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬೆಚ್ಚಗಿನ ನೀರು ಬೇಕೇ ಬೇಕು. ನೀವು ಯಾರೂ ಹೇಳಿಕೊಡದೆ ಅದನ್ನು ಕಂಡುಕೊಂಡಿದ್ದೀರಿ.

ಆದರೆ ಇದರಲ್ಲಿ ಒಂದು ತೊಡಕಿದೆ. ಅರ್ಧ ಗಂಟೆ ನೀರಿನಲ್ಲಿದ್ದ ಮರಿ ಉಳಿದ ಇಪ್ಪತ್ಮೂರೂವರೆ ಗಂಟೆ ಒಣಗಾಳಿಯಲ್ಲಿ ಕೂತಿರುತ್ತದೆ. ನಿಮ್ಮ ತೆರೆದ ಪೆಟ್ಟಿಗೆಯಲ್ಲಿ ದೀಪದ ಬಿಸಿಗೆ ಒಳಗಿನ ಗಾಳಿ ಮೇಲಕ್ಕೆ ಹೋಗುತ್ತದೆ. ಹೋಗುವಾಗ ಇದ್ದಬದ್ದ ತೇವವನ್ನೂ ಹೊತ್ತೊಯ್ಯುತ್ತದೆ. ಆ ಜಾಗಕ್ಕೆ ಹೀಟಿಂಗ್‌ನಿಂದ ಒಣಗಿದ ಕೋಣೆಯ ಗಾಳಿ ನುಗ್ಗುತ್ತದೆ. ಚಳಿಗಾಲವಿಡೀ ಹಗಲೂ ರಾತ್ರಿ ಇದೇ ನಡೆಯುತ್ತಿರುತ್ತದೆ. ನಿಮ್ಮ ಕೈಕಾಲಿನ ಚರ್ಮವೇ ಬಿರಿಯುವ ಕಾಲ ಅದು. ಆ ಪುಟ್ಟ ಜೀವದ ಗತಿ ಏನಾಗಬೇಕು? ಇದಕ್ಕೆ ಬೇಕಾದದ್ದು ಮುಚ್ಚಿದ, ಬೆಚ್ಚಗಿನ, ತೇವದ ಪೆಟ್ಟಿಗೆ. ಅಂಥ ಪೆಟ್ಟಿಗೆಯನ್ನು ಗಂಡನ ಕಣ್ಣು ತಪ್ಪಿಸಿ ಕಟ್ಟಲು ಆಗುವುದಿಲ್ಲ. ಹಾಗಾಗಿ ಮಾತಾಡಲೇಬೇಕು.

ಮಾತಾಡುವ ಮೊದಲು ಒಂದು ವಿಷಯ ತಿಳಿದಿರಲಿ. ನಿಮ್ಮ ಯಜಮಾನರು ಉಡಾಫೆಯಿಂದ ಹೀಗೆ ಮಾಡಿದವರಲ್ಲ. ಆಮೆ ಸಾಕುವವರು ಎಷ್ಟೋ ದಶಕಗಳ ಕಾಲ ಇದನ್ನೇ ನಂಬಿದ್ದರು, ಇದನ್ನೇ ಹೇಳುತ್ತಿದ್ದರು. ಸುಲ್ಕಾಟಾ ಇರುವುದು ಸಹಾರಾದ ದಕ್ಷಿಣದ ಅಂಚಿನಲ್ಲಿ, ಸೆನೆಗಲ್‌ನಿಂದ ಇಥಿಯೋಪಿಯಾ ತನಕ ಹಬ್ಬಿರುವ ಸಾಹೆಲ್ ಪಟ್ಟಿಯಲ್ಲಿ. ನಕ್ಷೆಯಲ್ಲಿ ನೋಡಿದರೆ ಬರೀ ಒಣನೆಲ. ಆದರೆ ಆಮೆ ಬದುಕುವುದು ನೆಲದ ಒಳಗೆ. ದೊಡ್ಡ ಸುಲ್ಕಾಟಾ ಮೂರು ಮೀಟರ್ ಆಳದ ತನಕವೂ ಬಿಲ ತೋಡುತ್ತದೆ. ಒಳಗಿನ ಮಣ್ಣು ತಂಪು, ತೇವ. ಮರಿಗಳು ಮೊಟ್ಟೆಯಿಂದ ಹೊರಬರುವುದೂ ಮಳೆಗಾಲಕ್ಕೆ. ಹಸಿ ಹುಲ್ಲಿನ ಬುಡದಲ್ಲಿ, ಒದ್ದೆ ಮಣ್ಣಿನಲ್ಲಿ ಹೂತುಕೊಂಡು ಅವು ಬೆಳೆಯುತ್ತವೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಸುಲ್ಕಾಟಾ ಮರಿಗಳನ್ನು ಐದು ಗುಂಪು ಮಾಡಿ, ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರೋಟೀನಿನ ಆಹಾರ ಕೊಟ್ಟು ಐದು ತಿಂಗಳ ತನಕ ಬೆಳೆಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಚಿಪ್ಪು ಗುಡ್ಡೆ ಕಟ್ಟಲು ಪ್ರೋಟೀನ್ ಜಾಸ್ತಿಯಾಗುವುದೇ ಕಾರಣ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅಲ್ಲಿ ಕಂಡದ್ದೇ ಬೇರೆ. ಒಣಗಾಳಿಯಲ್ಲಿ ಬೆಳೆದ ಮರಿಗಳ ಗುಡ್ಡೆ ಎತ್ತರ, ತೇವದಲ್ಲಿ ಬೆಳೆದವುಗಳ ಚಿಪ್ಪು ನಯ. ಪ್ರೋಟೀನಿನ ಪಾತ್ರ ಅಲ್ಪ.

ಇನ್ನು ಯಜಮಾನರ ನ್ಯುಮೋನಿಯಾ ಭಯ. ಅದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ನೀವು ಒಪ್ಪಿಕೊಳ್ಳಬೇಕು. ತೇವದ ಜೊತೆ ಚಳಿ ಸೇರಿದರೆ ಮರಿಗೆ ಶ್ವಾಸದ ಸೋಂಕು ಹತ್ತುತ್ತದೆ. ತೇವದ ಜೊತೆ ಬಿಸಿ ಇದ್ದರೆ ಹಾಗಾಗುವುದಿಲ್ಲ. ಆದ್ದರಿಂದ ರಾತ್ರಿ ಹೊತ್ತೂ ಪೆಟ್ಟಿಗೆಯ ಯಾವ ಮೂಲೆಯೂ 80 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. "ನಿಮ್ಮ ಭಯ ಸರಿ, ಅದಕ್ಕೇ ರಾತ್ರಿ ಬಿಸಿ ಇರೋ ಹಾಗೆ ಮಾಡೋಣ" ಎಂದು ಮಾತು ಶುರು ಮಾಡಿ. ನಾನು ಹೇಳಿದ್ದೇ ಸರಿ, ನೀವು ಹೇಳಿದ್ದು ತಪ್ಪು ಎಂಬಲ್ಲಿಗೆ ಮಾತು ಹೋಗುವುದೇ ಬೇಡ.

ಈಗ ಪೆಟ್ಟಿಗೆಗೆ ಬರೋಣ. ನಾಲ್ಕಡಿ ಉದ್ದ, ಎರಡಡಿ ಅಗಲ ಇದ್ದರೆ ಸದ್ಯಕ್ಕೆ ಸಾಕು. ಮುಂದೆ ಗಾಜಿನ ಬಾಗಿಲಿರುವ ಪಿವಿಸಿ ಪೆಟ್ಟಿಗೆ ಸಿದ್ಧವಾಗಿ ಸಿಗುತ್ತದೆ. ಯಜಮಾನರಿಗೆ ಕೈಕೆಲಸ ಇಷ್ಟವಿದ್ದರೆ ಪ್ಲೈವುಡ್‌ನಲ್ಲಿ ಮಾಡಿ, ಒಳಗಡೆ ನೀರು ಹಿಡಿಯದ ಹಾಗೆ ಬಣ್ಣ ಹೊಡೆದು, ವಾಸನೆ ಪೂರ್ತಿ ಹೋದ ಮೇಲೆ ಬಳಸಬಹುದು. ಮುಖ್ಯವಾದ ಮಾತು ಏನೆಂದರೆ ಮೇಲ್ಭಾಗ ಮುಚ್ಚಿರಬೇಕು, ದೀಪಗಳೆಲ್ಲ ಒಳಗೇ ಇರಬೇಕು. ಈಗಿರುವ ಪೆಟ್ಟಿಗೆಗೆ ಮೇಲಿಂದ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಹೊದಿಸಿ ಕೆಲಸ ಮುಗಿಸುವ ಯೋಚನೆ ಬೇಡ. ದೀಪಕ್ಕೆ ತಾಗಿದರೆ ಬೆಂಕಿ ಹತ್ತುತ್ತದೆ. ದೀಪವನ್ನು ಕ್ಲಾಂಪಿನಿಂದ ಸಿಕ್ಕಿಸಲೂ ಬೇಡಿ, ಅದು ಜಾರಿ ಬೀಳುತ್ತದೆ. ಸರಪಳಿ ಅಥವಾ ತಂತಿಯಿಂದ ಗಟ್ಟಿಯಾಗಿ ನೇತುಹಾಕಿ.

ಒಣಹುಲ್ಲು ತೆಗೆದುಬಿಡಿ. ತೇವದಲ್ಲಿ ಅದಕ್ಕೆ ಬೂಷ್ಟು ಬರುತ್ತದೆ. ಮರಳೂ ಬೇಡ, ಮರಿ ಅದನ್ನು ತಿಂದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಸಲು ಆರ್ಕಿಡ್ ಬಾರ್ಕ್, ಅಂದರೆ ಮರದ ತೊಗಟೆಯ ಸಣ್ಣ ಚೂರು ಒಳ್ಳೆಯದು, ಇಲ್ಲವಾದರೆ ನಮ್ಮ ಕಡೆ ಕುಂಡಗಳಿಗೆ ಹಾಕುತ್ತಾರಲ್ಲ, ಆ ಕೊಕೊಪೀಟ್. ಮೂರು ನಾಲ್ಕು ಇಂಚು ದಪ್ಪ ಹಾಸಿ, ಕೈಯಿಂದ ಒತ್ತಿ ಸಮ ಮಾಡಿ. ನೀರು ಮೇಲಿಂದ ಚಿಮುಕಿಸಿದರೆ ಸ್ವಲ್ಪ ಹೊತ್ತಿಗೇ ಒಣಗುತ್ತದೆ. ನಾಲ್ಕು ಮೂಲೆಗಳಲ್ಲಿ ಬೆಚ್ಚಗಿನ ನೀರು ಹೊಯ್ಯಿರಿ. ಅದು ಕೆಳಗಿಳಿದು ತಳ ಒದ್ದೆಯಾಗುತ್ತದೆ, ಮೇಲ್ಪದರ ಹೆಚ್ಚುಕಡಿಮೆ ಒಣಗಿರುತ್ತದೆ. ತಳದಿಂದ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಅದೇ ಹದ.

ಒಂದು ತುದಿಯಲ್ಲಿ ಮರಿ ಮೈ ಕಾಯಿಸಿಕೊಳ್ಳಲು ಒಂದು ಫ್ಲಡ್ ಬಲ್ಬ್, ಅಂದರೆ ಬಿಸಿಯನ್ನು ಅಗಲಕ್ಕೆ ಹರಡುವ ಬಲ್ಬ್. ಅದರ ಕೆಳಗೆ, ಮರಿಯ ಬೆನ್ನಿನ ಎತ್ತರದಲ್ಲಿ, 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಇರಲಿ. ಒಂದೇ ಚುಕ್ಕೆಗೆ ಬಿಸಿ ಸುರಿಯುವ ಸ್ಪಾಟ್ ಬಲ್ಬ್ ಬೇಡ, ಮರ್ಕ್ಯುರಿ ವೇಪರ್ ಬಲ್ಬೂ ಬೇಡ. ಅವು ಚಿಪ್ಪಿನ ಮೇಲ್ಭಾಗವನ್ನೇ ಒಣಗಿಸುತ್ತವೆ. ಇನ್ನೊಂದು ಕಡೆ ಸಿರಾಮಿಕ್ ಹೀಟ್ ಎಮಿಟರ್. ಅದು ಬೆಳಕಿಲ್ಲದೆ ಬಿಸಿ ಕೊಡುತ್ತದೆ, ಮರಿ ಕತ್ತಲಲ್ಲಿ ನಿದ್ದೆ ಮಾಡಬಹುದು. ಬಿಸಿ ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಹಾಕಲೇಬೇಡಿ. ಮೂರನೆಯದು ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಕೊಡುವ ಟ್ಯೂಬ್‌ಲೈಟ್, ಉದ್ದನೆಯದು. ಸುರುಳಿ ಬಲ್ಬ್ ಬೇಡ. ಯುವಿಬಿ ಇಲ್ಲದಿದ್ದರೆ ಮೈಗೆ ಡಿ3 ವಿಟಮಿನ್ ಸಿಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಬಿಸಿಲು ಸಾಕಲ್ವಾ ಎಂದು ಕೇಳಬೇಡಿ, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ.

ತಂಪಿನ ತುದಿಯಲ್ಲಿ ಒಂದು ಅಡಗುತಾಣ ಮಾಡಿಕೊಡಿ. ಒಳಗೆ ಬೆಳಕು ಬಾರದಂಥ ಪ್ಲಾಸ್ಟಿಕ್ ಟಬ್ಬನ್ನು ಬೋರಲು ಹಾಕಿ, ಒಂದು ಬದಿಗೆ ಸಣ್ಣ ಬಾಗಿಲು ಕೊಯ್ದರೆ ಆಯಿತು. ಅದರ ಕೆಳಗೆ ತೇವ ಇನ್ನೂ ಜಾಸ್ತಿ ಇರಲಿ. ಮರಿ ದಿನದ ಬಹುಪಾಲು ಅಲ್ಲೇ ಇರುತ್ತದೆ. ಇದೇ ಅದರ ಬಿಲ. ನೀರಿಗೆ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು, ಅಂಚು ಹಾಸಿನ ಮಟ್ಟಕ್ಕೆ ಬರುವ ಹಾಗೆ ಹೂತಿಡಿ. ಆಳದ ಬಟ್ಟಲಿನಲ್ಲಿ ಮರಿ ಮಗುಚಿ ಮುಳುಗಬಹುದು.

ಇಷ್ಟಾದ ಮೇಲೆ ಒಳಗಿನ ತೇವಾಂಶ ಶೇ. 80ರ ಆಸುಪಾಸಿಗೆ ಬರಬೇಕು. ಇಲ್ಲೇ ನಿಮ್ಮ ಮಾತಿಗೂ ಒಂದು ದಾರಿ ಇದೆ. ಪೆಟ್ಟಿಗೆ ತರುವ ಮೊದಲು ಗಾಳಿಯ ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ತನ್ನಿ. ಮುಳ್ಳಿನದು ಬೇಡ, ಅದನ್ನು ನಂಬುವಂತಿಲ್ಲ. ಈಗಿರುವ ಪೆಟ್ಟಿಗೆಯಲ್ಲೇ ಇಟ್ಟು, ದಿನಾ ಬೆಳಗ್ಗೆ ಸಂಜೆ ಅಂಕಿ ಬರೆದಿಡುವ ಕೆಲಸ ಮಗನಿಗೆ ಕೊಡಿ. ವಾರಕ್ಕೊಮ್ಮೆ ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಕವನ್ನೂ ಅವನೇ ಬರೆಯಲಿ. ಅಡುಗೆಗೆ ಬಳಸುವ ತಕ್ಕಡಿ ಬೇಡ, ಬೇರೆ ಇರಲಿ. ಆ ಪುಸ್ತಕ ಅಪ್ಪನ ಮುಂದೆ ಬಂದರೆ ವಾದ ಮಾಡುವ ಕೆಲಸ ನಿಮಗೆ ಉಳಿಯುವುದಿಲ್ಲ.

ನೀರಿಗಿಡುತ್ತಿದ್ದ ವಿಷಯವನ್ನೂ ಮಗ ಇರುವಾಗಲೇ ಹೇಳಿಬಿಡಿ. "ಮರಿ ಒಣಗ್ತಿದೆ ಅನ್ನಿಸ್ತು, ನಿಮಗೆ ಹೇಳೋಕೆ ಹಿಂಜರಿದೆ, ದಿನಾ ನೀರಲ್ಲಿ ಕೂರಿಸ್ತಿದ್ದೆ" ಎಂದರೆ ಸಾಕು. ಅವರಿಗೆ ಸ್ವಲ್ಪ ಬೇಜಾರಾಗಬಹುದು, ಆಗಲಿ. ಆದರೆ ಅಪ್ಪನಿಗೆ ಗೊತ್ತಾಗದ ಹಾಗೆ ನಡೆದುಕೊಳ್ಳುವುದು ಮಗನಿಗೆ ಅಭ್ಯಾಸವಾಗಬಾರದು. ನಿಮ್ಮ ಇಡೀ ಪತ್ರದಲ್ಲಿ ನನಗೆ ಚುಚ್ಚಿದ್ದು ಅವನು ಕೇಳಿದ ಆ ಪ್ರಶ್ನೆ.

ಮರಿ ಮಂಕಾಗಿದೆ ಎಂದಿದ್ದೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ಟಿಗೆಗೆ ಕಾಯದೆ ಈ ವಾರವೇ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಒತ್ತಿದರೆ ಬಗ್ಗುವ ಚಿಪ್ಪು ಕಂಡರೆ ಅವತ್ತೇ ಹೊರಡಿ. ನೀರಿಗಿಟ್ಟಾಗ ಅದು ಬಿಡುವ ಬಿಳಿ ಪದಾರ್ಥವನ್ನು ಬೆರಳಲ್ಲಿ ಉಜ್ಜಿ ನೋಡಿ. ಮೊಸರಿನ ಹಾಗೆ ನುಣ್ಣಗಿದ್ದರೆ ಸರಿ. ಮರಳಿನಂತೆ ಗರಗರ ಎಂದರೆ ಮೈಯಲ್ಲಿ ನೀರು ಸಾಲುತ್ತಿಲ್ಲ ಎಂದೇ ಲೆಕ್ಕ, ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಈ ಕೈ ತೊಳೆಯುವ ಮಾತನ್ನು ಮನೆಯವರೆಲ್ಲರೂ ಪಾಲಿಸಬೇಕು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಕಾಯಿಲೆ ಬಂದದ್ದರಿಂದಲೇ ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರಬಾರದೆಂದು 1975ರಲ್ಲಿ ನಿಯಮ ಬಂತು. ಆದರೂ ಮಾರುತ್ತಲೇ ಇರುತ್ತಾರೆ. ಮರಿಯ ಟಬ್ ಬೇರೆ ಇರಲಿ, ಅಡುಗೆಮನೆಯ ಸಿಂಕಿಗೆ ಅದನ್ನು ತರಲೇಬೇಡಿ. ಮನೆಯಲ್ಲಿ ವಯಸ್ಸಾದವರಿದ್ದಾರೆ.

ಅತ್ತೆಯವರಿಗೆ ಎದುರಾಡಬೇಡಿ. ಆಂಧ್ರದ ಶ್ರೀಕೂರ್ಮಂನಲ್ಲಿ ವಿಷ್ಣುವಿಗೆ ಕೂರ್ಮರೂಪದಲ್ಲೇ ಪೂಜೆ ನಡೆಯುತ್ತದೆ, ಅಲ್ಲಿ ನಕ್ಷತ್ರ ಆಮೆಗಳನ್ನೂ ಸಾಕುತ್ತಾರೆ ಎಂದು ಹೇಳಿ ನೋಡಿ. ಹುಲ್ಲು, ಡ್ಯಾಂಡೆಲಿಯನ್ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ, ಇವೇ ಇದರ ಊಟ. ಹಣ್ಣು ಬೇಡ, ಪಾಲಕ್ ದಿನಾ ಬೇಡ. ಸೊಪ್ಪು ಆರಿಸುವುದರಲ್ಲಿ ಅತ್ತೆಯವರ ಕೈ ನಿಮಗಿಂತ ಚುರುಕಿರಬಹುದು. ಕೇಳಿ ನೋಡಿ.

ಈಗಾಗಲೇ ಎದ್ದ ಗುಡ್ಡೆ ಇಳಿಯುವುದಿಲ್ಲ, ಅದು ಹಾಗೇ ಉಳಿಯುತ್ತದೆ. ಆದರೆ ಚಿಪ್ಪಿನ ಬಿಲ್ಲೆಗಳ ನಡುವೆ ತೆಳು ಬಣ್ಣದ ಗೆರೆ ಕಾಣುತ್ತದಲ್ಲ, ಹೊಸ ಬೆಳವಣಿಗೆ ಅಲ್ಲೇ ಆಗುವುದು. ಆ ಗೆರೆ ಇನ್ನು ಮೇಲೆ ಚಪ್ಪಟೆಯಾಗಿ ಅಗಲವಾಗುತ್ತಾ ಹೋದರೆ ಪೆಟ್ಟಿಗೆ ಕೆಲಸ ಮಾಡುತ್ತಿದೆ. ತಿಂಗಳಿಗೊಂದು ಫೋಟೋ ತೆಗೆದಿಡಿ.

ಊರಲ್ಲಿ ಇದನ್ನು ಓದುತ್ತಿರುವವರಿಗೂ ಒಂದು ಮಾತು. ಹೊಲದ ಬದುವಿನಲ್ಲಿ ಸಿಗುವ ನಕ್ಷತ್ರ ಆಮೆಗೆ ಇಂಥ ಪೆಟ್ಟಿಗೆ ಕಟ್ಟಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿಯಲ್ಲಿ ಅದನ್ನು ಅತಿ ಹೆಚ್ಚು ರಕ್ಷಣೆಯ ಒಂದನೇ ಪಟ್ಟಿಗೇ ಸೇರಿಸಿದ್ದಾರೆ. ಯಾರಾದರೂ ಮಾರುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಗೆ ಊರಿಗೆ ಮರಳುವ ವಿಚಾರ. ಸುಲ್ಕಾಟಾ ಎಪ್ಪತ್ತು ವರ್ಷ ಬದುಕಬಲ್ಲದು. ಗಂಡಾದರೆ 45 ಕಿಲೋ ದಾಟಬಹುದು. ಗೊಬ್ಬರದ ಮೂಟೆಯಷ್ಟು ತೂಕದ, ಬೇಲಿ ಮುರಿಯುವ, ಅಂಗಳ ಅಗೆಯುವ ಪ್ರಾಣಿ ಮಿಷಿಗನ್‌ನ ಮನೆಯೊಳಗೆ ಇರಲಾರದು. ಜೊತೆಗೆ ಕರೆತರುವುದೂ ಸುಲಭವಲ್ಲ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇದು ಇದೆ. ಅಲ್ಲಿಂದ ರಫ್ತು ಪರವಾನಗಿ, ಇಲ್ಲಿ ಆಮದಿಗೆ ಅನುಮತಿ, ಆಮೇಲೆ ನೋಂದಣಿ, ಎಲ್ಲವೂ ಆಗಬೇಕು. ಅದನ್ನೇ ನಂಬಿಕೊಂಡು ಕೂರಬೇಡಿ. ಅರಿಜೋನಾದಂಥ ಕಡೆ ಜನ ಸಾಕಲಾಗದೆ ಬಿಟ್ಟ ಸುಲ್ಕಾಟಾಗಳೇ ರಕ್ಷಣಾ ಕೇಂದ್ರಗಳಲ್ಲಿ ತುಂಬಿವೆ. ಅದಕ್ಕೇ ಕೊನೆಯ ವರ್ಷದ ತನಕ ತಳ್ಳದೆ ಈಗಿನಿಂದಲೇ ವಿಚಾರಿಸಿ. ಬೆಚ್ಚಗಿನ ರಾಜ್ಯದಲ್ಲಿ, ಅಂಗಳ ಇರುವ, ಆಮೆ ಸಾಕಿ ಗೊತ್ತಿರುವ ಮನೆ ಹುಡುಕಿ. ಹೊರಗೆ ಬಿಟ್ಟುಬಿಡುವ ಯೋಚನೆ ಮಾತ್ರ ಬೇಡವೇ ಬೇಡ, ಮಿಷಿಗನ್‌ನ ಚಳಿಯಲ್ಲಿ ಅದು ಉಳಿಯದು.

ಇದನ್ನು ಮಗನಿಗೆ ಈಗಲೇ ಹೇಳಿ. ಇದು ಯಾವಾಗಲೂ ನಮ್ಮ ಹತ್ತಿರವೇ ಇರುವುದಿಲ್ಲ, ಇರುವಷ್ಟು ದಿನ ಚೆನ್ನಾಗಿ ಬೆಳೆಸಿ ಒಳ್ಳೆಯವರ ಕೈಗೆ ಕೊಡೋಣ ಎನ್ನಿ. ಅತ್ತರೂ ಅಳಲಿ. ಮರಿಯನ್ನು ಯಾರಿಗೆ ಕೊಡಬೇಕು ಎನ್ನುವಾಗ ಅವನ ಮಾತನ್ನೂ ಕೇಳಿ.