ಪ್ರತಿಕ್ರಿಯೆ: ಎಲ್‌ಡಿಪಿ ಸೆಷನ್‌ಗಳನ್ನು ಗುಂಪುಗಳಾಗಿ ಬೇರ್ಪಡಿಸುವುದು

ಎಲ್‌ಡಿಪಿ ಎಂದರೆ ಪ್ಯಾಕೆಟ್‌ಗಳಿಗೆ ಯಾವ ಲೇಬಲ್ ಹಚ್ಚಬೇಕೆಂದು ಎಂಪಿಎಲ್‌ಎಸ್ ಜಾಲದ ರೂಟರ್‌ಗಳು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೊಕಾಲ್. ಕೋರ್‌ನಲ್ಲಿ (ಜಾಲದ ನಡುಭಾಗದಲ್ಲಿ) ಇರುವ ನೆರೆಯ ರೂಟರ್‌ಗಳ ಜೊತೆಗಿನ ಎಲ್‌ಡಿಪಿ ಸೆಷನ್‌ಗಳನ್ನೂ ಸೂಡೋವೈರ್‌ಗಾಗಿ (ಜಾಲದ ಮೂಲಕ ಎರಡು ತುದಿಗಳನ್ನು ನೇರ ತಂತಿಯಂತೆ ಜೋಡಿಸುವ ಸಂಪರ್ಕಕ್ಕಾಗಿ) ದೂರದ ಪಿಇ ರೂಟರ್‌ಗಳತ್ತ (ಗ್ರಾಹಕರನ್ನು ಜೋಡಿಸುವ, ಜಾಲದ ಅಂಚಿನ ರೂಟರ್‌ಗಳತ್ತ) ತೆರೆದ ಟಾರ್ಗೆಟೆಡ್ ಸೆಷನ್‌ಗಳನ್ನೂ (ನೇರ ಲಿಂಕ್ ಇಲ್ಲದಿದ್ದರೂ ವಿಳಾಸ ಹೇಳಿ ತೆರೆಯುವ ಸೆಷನ್‌ಗಳನ್ನೂ) ಎರಡು ಗುಂಪುಗಳಾಗಿಸಿ, ಪ್ರಿಫಿಕ್ಸ್ ಲೇಬಲ್‌ಗಳನ್ನು (ಐಪಿ ವಿಳಾಸಗಳ ಗುಂಪುಗಳಿಗೆ ಕೊಡುವ ಲೇಬಲ್‌ಗಳನ್ನು) ಮೊದಲ ಗುಂಪಿಗಷ್ಟೇ ಕಳುಹಿಸಬಹುದೇ ಎಂದು ಕೇಳಿದ್ದೀರಿ. ಕಳುಹಿಸಬಹುದು, ಎರಡು ಗುಂಪುಗಳಲ್ಲಿ ಬೇರೆ ಬೇರೆ ರೂಟರ್‌ಗಳಿದ್ದರೆ ನೆರೆಯವರ ಎಲ್‌ಡಿಪಿ ಐಡಿಯ ಆಧಾರದ ಮೇಲೆ ಲೇಬಲ್ ಜಾಹೀರಾತನ್ನು ಸೋಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಆದರೆ ಒಂದೇ ರೂಟರ್ ಎರಡೂ ಪಾತ್ರಗಳಲ್ಲಿದ್ದರೆ ಈ ವಿಂಗಡಣೆ ನಡೆಯುವುದಿಲ್ಲ. ಎಲ್‌ಡಿಪಿಯನ್ನು ವಿವರಿಸುವ 2007ರ ಮಾನಕ ದಾಖಲೆ ಆರ್‌ಎಫ್‌ಸಿ 5036ರ ಪ್ರಕಾರ ಎಲ್‌ಡಿಪಿ ಐಡಿಯ ಆರು ಬೈಟ್‌ಗಳಲ್ಲಿ ನಾಲ್ಕು ರೂಟರ್‌ನ ಗುರುತು, ಉಳಿದೆರಡು ಲೇಬಲ್ ಸ್ಪೇಸ್‌ನ (ರೂಟರ್ ಲೇಬಲ್ ಸಂಖ್ಯೆಗಳನ್ನು ಆಯ್ದುಕೊಳ್ಳುವ ಸಮೂಹದ) ಗುರುತು. ಇಡೀ ರೂಟರ್‌ಗೆ ಒಂದೇ ಲೇಬಲ್ ಸ್ಪೇಸ್ ಇದ್ದಾಗ ಆ ಎರಡು ಬೈಟ್‌ಗಳು ಸೊನ್ನೆಯಾಗಿರುವುದರಿಂದ, ಲಿಂಕ್ ಹಲೋ ಮತ್ತು ಟಾರ್ಗೆಟೆಡ್ ಹಲೋ (ನೆರೆಯ ಹಾಗೂ ದೂರದ ರೂಟರ್‌ಗಳನ್ನು ಗುರುತಿಸುವ ಸಂದೇಶಗಳು) ಎರಡೂ ಒಂದೇ ಟಿಸಿಪಿ ಸೆಷನ್ನನ್ನು ಹಂಚಿಕೊಳ್ಳುತ್ತವೆ; ಹೀಗಾಗಿ ಐಡಿ ನೋಡಿ ಎರಡು ಪಾತ್ರಗಳನ್ನು ಬೇರ್ಪಡಿಸಲಾಗದು.

ಸೂಡೋವೈರ್ ಲೇಬಲ್‌ಗಳು ಬೇರೆಯೇ ಬಗೆಯ ಎಫ್‌ಇಸಿಗೆ (ಒಂದೇ ಲೇಬಲ್‌ನಡಿ ಸಾಗುವ ಪ್ಯಾಕೆಟ್‌ಗಳ ವರ್ಗಕ್ಕೆ) ಸೇರಿರುವುದರಿಂದ ಪ್ರಿಫಿಕ್ಸ್ ಸೋಸುವಿಕೆ ಅವುಗಳನ್ನು ಮುಟ್ಟುವುದಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಕೋರ್ ಗುಂಪಿನಲ್ಲಿ: ದೂರದ ಪಿಇಯ ಲೂಪ್‌ಬ್ಯಾಕ್‌ನ (ರೂಟರ್‌ನದೇ ಸ್ಥಿರ ವಿಳಾಸದ) /32 ಪ್ರಿಫಿಕ್ಸ್‌ಗೆ, ಅಂದರೆ ಆ ಒಂದೇ ವಿಳಾಸಕ್ಕೆ, ಅಲ್ಲಿ ದಾರಿಯುದ್ದಕ್ಕೂ ಲೇಬಲ್ ಸಿಗಲೇಬೇಕು, ಇಲ್ಲದಿದ್ದರೆ ಸೆಷನ್ ಸುಸ್ಥಿತಿಯಲ್ಲಿದ್ದರೂ ಸೂಡೋವೈರ್‌ನ ದಟ್ಟಣೆ ಸಾಗುವುದಿಲ್ಲ. ಎರಡೂ ತುದಿಯ ಸಾಧನಗಳು 2015ರ ಆರ್‌ಎಫ್‌ಸಿ 7473ನ್ನು ಬೆಂಬಲಿಸುತ್ತಿದ್ದರೆ, ಟಾರ್ಗೆಟೆಡ್ ಸೆಷನ್‌ನಲ್ಲಿ ಐಪಿ ಪ್ರಿಫಿಕ್ಸ್ ಲೇಬಲ್‌ಗಳು ಬೇಡವೆಂದು ಪರಸ್ಪರ ತಿಳಿಸುವ ಆ ವಿಧಾನವನ್ನು ಸೋಸುವ ಪಟ್ಟಿಗಿಂತ ಮೊದಲು ಪರಿಗಣಿಸಿ.