ಸಂಪಾದಕರ ಉತ್ತರ: ಒಂದೇ ಸಂಜೆ, ಎರಡು ವಜಾ

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೋದ ತಿಂಗಳ ನಮ್ಮ ಕಾಂಗೋ ಲೇಖನ ಹಿಂದೆ ಕಾಂಗೋವನ್ನು ಆಳಿದ ಬೆಲ್ಜಿಯಂ ಅನ್ನು ಬೈಯುವುದರಲ್ಲೇ ಮುಗಿಯಿತು ಅಂತ ನಿಮ್ಮ ದೂರು. 'ಸ್ವಾತಂತ್ರ್ಯ ಬಂದು ಎರಡು ತಿಂಗಳಿಗೇ ಲುಮುಂಬಾ, ಕಾಸಾವುಬು ಕುರ್ಚಿಗಾಗಿ ಕಿತ್ತಾಡಿದರು. ಅದಕ್ಕೂ ಹೊರಗಿನವರೇ ಕಾರಣವಾ?' ಎಂದು ಕೇಳಿದ್ದೀರಿ.

ಕಿತ್ತಾಡಿದ್ದು ನಿಜ. ಅದನ್ನು ನಾವು ಬಿಡಬಾರದಿತ್ತು. 1960ರ ಸೆಪ್ಟೆಂಬರ್ 5ರ ಸಂಜೆ ಲಿಯೊಪೋಲ್ಡ್‌ವಿಲ್, ಅಂದರೆ ಈಗಿನ ಕಿನ್ಶಾಸಾದ ರೇಡಿಯೋದಲ್ಲಿ ಅಧ್ಯಕ್ಷ ಜೋಸೆಫ್ ಕಾಸಾವುಬು ಮಾತಾಡಿದರು. ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು ವಜಾ ಮಾಡಿದ್ದೇನೆ ಅಂದರು. ಸುದ್ದಿ ತಿಳಿದ ಲುಮುಂಬಾ ಅದೇ ರಾತ್ರಿ ಅದೇ ರೇಡಿಯೋಗೆ ಬಂದು ಅಧ್ಯಕ್ಷರನ್ನೇ ವಜಾ ಮಾಡಿದರು! ಮನೆಯಲ್ಲಿ ರೇಡಿಯೋ ಹಚ್ಚಿ ಕೂತಿದ್ದವರು ಏನಂದುಕೊಂಡಿರಬೇಡ?

ಈಗ ಕಾನೂನು ನೋಡೋಣ. ಸ್ವತಂತ್ರ ಕಾಂಗೋದ ತಾತ್ಕಾಲಿಕ ಸಂವಿಧಾನವನ್ನು ಪಾಸು ಮಾಡಿದ್ದು ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ಪಾರ್ಲಿಮೆಂಟು. ಹೆಚ್ಚುಕಡಿಮೆ ತಮ್ಮದೇ ಪದ್ಧತಿಯ ನಕಲು. ಮಂತ್ರಿಗಳನ್ನು ನೇಮಿಸುವವನೂ ತೆಗೆಯುವವನೂ ರಾಜ ಅಂತ ಬೆಲ್ಜಿಯಂ ಕಾಗದದಲ್ಲಿದೆ. ಆದರೆ ರಾಜ ತನ್ನಿಷ್ಟಕ್ಕೆ ಹಾಗೆ ಮಾಡಬಾರದು ಎಂಬ ವಾಡಿಕೆ ಅಲ್ಲಿ ಬೆಳೆದಿತ್ತು. ಕಾಂಗೋಗೆ ಕಾಗದ ಬಂತು, ವಾಡಿಕೆ ಬರಲಿಲ್ಲ. ಕಾಸಾವುಬು ಇಬ್ಬರು ಮಂತ್ರಿಗಳ ಸಹಿ ಹಾಕಿಸಿಕೊಂಡು ಪ್ರಧಾನಿಯನ್ನು ತೆಗೆಯಲು ಅಧ್ಯಕ್ಷರಿಗೆ ಅಧಿಕಾರ ಕೊಡುವ 22ನೇ ವಿಧಿ ಬಳಸಿದರು. ಅಧ್ಯಕ್ಷರನ್ನು ತೆಗೆಯುವ ಅಧಿಕಾರ ಮಾತ್ರ ಲುಮುಂಬಾಗೆ ಇರಲಿಲ್ಲ. ಅಲ್ಲಿ ಅವರದು ತಪ್ಪು. ಆದರೆ ಜನ ಆರಿಸಿದ ಕೆಳಮನೆ ಎರಡೂ ವಜಾಗಳನ್ನು ರದ್ದು ಮಾಡಿತು. ಮೇಲ್ಮನೆ ಲುಮುಂಬಾ ಪರ ನಿಂತಿತು. ಜಗಳ ಅಲ್ಲಿಗೇ ಮುಗಿಯಬಹುದಿತ್ತು.

ಮುಗಿಯಲು ಬಿಡಲಿಲ್ಲ. ಶಾಂತಿ ಕಾಯಲು ಬಂದಿದ್ದ ವಿಶ್ವಸಂಸ್ಥೆಯವರು ರೇಡಿಯೋ ನಿಲ್ದಾಣ, ವಿಮಾನ ನಿಲ್ದಾಣ ಎರಡನ್ನೂ ಮುಚ್ಚಿಸಿದರು. ಕೇಳಲು ಇಬ್ಬರಿಗೂ ಸಮ ಅನಿಸುತ್ತದೆ ಅಲ್ವಾ? ಕಾಸಾವುಬುಗೆ ನದಿಯ ಆಚೆ ದಡದ ಬ್ರಾಜಾವಿಲ್ ರೇಡಿಯೋ ಸಿಕ್ಕಿತು. ಲುಮುಂಬಾರ ಬಲ ಇದ್ದದ್ದು ದೂರದ ಸ್ಟ್ಯಾನ್ಲಿವಿಲ್‌ನಲ್ಲಿ. ವಿಮಾನವಿಲ್ಲದೆ ಆ ಜನ ಬರುವುದಾದರೂ ಹೇಗೆ?

ಸೆಪ್ಟೆಂಬರ್ 14ರಂದು ಸೇನಾಧಿಕಾರಿ ಮೊಬುಟು ಇಬ್ಬರನ್ನೂ ಬದಿಗೆ ಸರಿಸಿದ. ಅವನನ್ನು ಸೈನ್ಯದ ದೊಡ್ಡ ಹುದ್ದೆಗೆ ತಂದವರು ಲುಮುಂಬಾ ಅವರೇ. ನನಗೆ ತುಂಬಾ ನೋಯುವ ಜಾಗ ಇದು. 1961ರ ಜನವರಿ 17ರ ರಾತ್ರಿ, ಕಾಂಗೋದಿಂದ ಬೇರೆಯಾಗಿದ್ದೇವೆ ಅಂತ ಸಾರಿದ್ದ ಕಟಾಂಗಾ ಪ್ರಾಂತ್ಯದಲ್ಲಿ, ಲುಮುಂಬಾರನ್ನು, ಜೊತೆಗಾರರಾದ ಎಂಪೋಲೊ ಮತ್ತು ಒಕಿಟೊರನ್ನು ಗುಂಡಿಟ್ಟು ಕೊಂದರು. ಬೆಲ್ಜಿಯಂ ಅಧಿಕಾರಿಗಳು ಅಲ್ಲೇ ಇದ್ದರು. ಲುಮುಂಬಾರ ಹೆಣವನ್ನು ಆಸಿಡ್‌ನಲ್ಲಿ ಕರಗಿಸಿದ ಬೆಲ್ಜಿಯಂ ಪೊಲೀಸನೊಬ್ಬ ಒಂದು ಹಲ್ಲು ಇಟ್ಟುಕೊಂಡಿದ್ದ. ಚಿನ್ನದ ಕವಚದ ಆ ಹಲ್ಲು ಲುಮುಂಬಾರ ಮಕ್ಕಳ ಕೈಗೆ ಬಂದದ್ದು 2022ರ ಜೂನ್‌ನಲ್ಲಿ. ಹಾಗಾಗಿ ಮೇಷ್ಟ್ರೇ, ಜಗಳ ಅವರಿಬ್ಬರದೇ ಅನ್ನುವುದನ್ನು ಒಪ್ಪುತ್ತೇನೆ. ಕೊಲೆಯನ್ನು ಅದೇ ಲೆಕ್ಕಕ್ಕೆ ಸೇರಿಸಲು ಒಪ್ಪುವುದಿಲ್ಲ.

ಕಾಸಾವುಬು ಬಗ್ಗೆ ಒಂದು ಸಾಲೂ ಬರೆಯಲಿಲ್ಲ ಅಂದಿರಿ. ಅದು ನಮ್ಮ ತಪ್ಪೇ. ಕಾಂಗೋ ಜನಾಂಗದವರ ಅಬಾಕೋ ಪಕ್ಷ ಬೆಳೆಸಿದವರು, 1959ರ ಗಲಭೆಯ ನಂತರ ಜೈಲು ಕಂಡವರು. ಅಲ್ಲಿವರೆಗೂ ಅಧ್ಯಕ್ಷರಾಗಿ ಉಳಿದಿದ್ದ ಅವರನ್ನೂ 1965ರಲ್ಲಿ ಅದೇ ಮೊಬುಟು ಇಳಿಸಿದ, ಮುಂದೆ 1997ರವರೆಗೆ ಆಳಿದ. ಮುಂದಿನ ಸಂಚಿಕೆಯಲ್ಲಿ ಅವರ ಬಗ್ಗೆಯೇ ಬರೆಯುತ್ತೇವೆ.